ಪೂಲ್ ಪ್ಯಾನೆಲ್‌ನಿಂದ ಫ್ರಿಜ್‌ಗೆ ಲೈನ್ ಎಳೆಯಬಹುದಾ?

ಗೋಕರ್ಣ, ಕುಮಟಾ, ಹೊನ್ನಾವರ ಕಡೆ ಹೋಂಸ್ಟೇ ಕೆಲಸಕ್ಕೆ ಹೋದಲ್ಲೆಲ್ಲ ಈಗೀಗ ಈ ಪ್ರಶ್ನೆ ಬರುತ್ತಿದೆ. ಹಿತ್ತಲಲ್ಲಿ ಸಣ್ಣದೊಂದು ಈಜುಕೊಳ ಕಟ್ಟಿಸಿರುತ್ತಾರೆ. ಪಕ್ಕದಲ್ಲಿ ಪಂಪ್ ರೂಮು, ಒಳಗೆ ಗೋಡೆಯ ಮೇಲೆ ಒಂದು ಪ್ಯಾನೆಲ್, ಅಂದರೆ ಪೂಲಿನ ಪಂಪು, ಲೈಟಿಗೆ ಕರೆಂಟು ಹಂಚುವ ಪೆಟ್ಟಿಗೆ. ಒಂದೆರಡು ವರ್ಷ ಕಳೆದ ಮೇಲೆ ಅಲ್ಲೇ ಹತ್ತಿರ ಶೀಟು ಹೊದೆಸಿದ ಶೆಡ್ ಏಳುತ್ತದೆ. ಬಂದವರ ಚಾದರ, ಟವೆಲ್ ಒಗೆಯಲು ವಾಷಿಂಗ್ ಮಿಷಿನ್ ಬೇಕು. ಮೀನು, ಹಾಲು, ತಂಪು ನೀರಿಗೆ ಇನ್ನೊಂದು ಫ್ರಿಜ್ ಬೇಕು. ಮನೆಯ ಮೇನ್ ಬೋರ್ಡ್ ಅಂಗಳದ ಆಚೆ ಎಲ್ಲೋ ದೂರ. ಪ್ಯಾನೆಲ್ ಮಾತ್ರ ಕೈಗೆ ಸಿಗುವಷ್ಟು ಹತ್ತಿರ. ಅಲ್ಲಿಂದಲೇ ಒಂದು ವೈರು ಎಳೆದುಬಿಟ್ಟರೆ ಆಯ್ತಲ್ಲ, ಅನ್ನುತ್ತಾರೆ.

ನಾನು ವೈರಿಂಗ್ ಕೆಲಸದವನು, ಊರು ಅಂಕೋಲಾ. ಈ ಪ್ರಶ್ನೆಗೆ ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಕರೆಂಟು ಬರುತ್ತದೆ, ಫ್ರಿಜ್ಜೂ ಓಡುತ್ತದೆ. ಆದರೆ ಎಳೆಯಬೇಡಿ. ಮನೆ ಸಾಮಾನಿಗೆ ಮೇನ್ ಬೋರ್ಡಿನಿಂದ ಬೇರೆ ಲೈನ್ ತನ್ನಿ. ಪೂಲ್ ಪ್ಯಾನೆಲ್ ಪೂಲಿಗೆ ಮಾತ್ರ ಇರಲಿ. ನೀರಿಗೆ ಇಳಿದವರ ಜೀವ ಕಾಯುವ ಒಂದು ಸಾಮಾನು ಆ ಪ್ಯಾನೆಲ್‌ನಲ್ಲಿ ಇರುತ್ತದೆ. ಫ್ರಿಜ್ಜು, ವಾಷಿಂಗ್ ಮಿಷಿನ್ ಅದಕ್ಕೆ ಜೋತುಬಿದ್ದ ದಿನದಿಂದ ಆ ಸಾಮಾನು ಎಲ್ಲರಿಗೂ ಕಿರಿಕಿರಿ ಆಗುತ್ತದೆ. ಆಮೇಲೆ ಯಾರೋ ಒಬ್ಬರು ಅದನ್ನೇ ತೆಗೆದುಹಾಕುತ್ತಾರೆ. ನನ್ನ ಹೆದರಿಕೆ ಇರುವುದು ಅಲ್ಲಿ.

ಗೋಕರ್ಣದ ಹತ್ತಿರ ಹೋಂಸ್ಟೇ ನಡೆಸುವ ಅಕ್ಕ ಒಬ್ಬರ ಮನೆಯ ಲೆಕ್ಕವನ್ನೇ ಇಡುತ್ತೇನೆ. ಅವರು ಪಂಪ್ ರೂಮಿನ ಬಾಗಿಲಲ್ಲಿ ನಿಂತು, "ತಮಾ, ಇಲ್ಲಿ ಒಂದು ಬ್ರೇಕರ್ ಖಾಲಿ ಇದೆಯಲ್ಲ, ಸುಮ್ನೆ ಅಷ್ಟು ದೂರದಿಂದ ಯಾಕೆ ತರ್ತೆ?" ಅಂದರು. ಕೇಳಿದ್ದು ನ್ಯಾಯವೇ. ಮೇನ್ ಬೋರ್ಡಿನಿಂದ ಅಲ್ಲಿಗೆ 40 ಮೀಟರ್ ಆಗುತ್ತದೆ. ನಡುವೆ ತೆಂಗಿನ ಮರಗಳು, ಕೆಳಗೆ ಚಿರೇಕಲ್ಲಿನ ನೆಲ. ಅಗೆಯುವುದು ಸಲೀಸಲ್ಲ.

ಪ್ಯಾನೆಲ್ ತೆರೆದು ಒಂದೊಂದಾಗಿ ತೋರಿಸಿದೆ. ಮೇನ್ ಬೋರ್ಡಿನ 20 ಆಂಪಿಯರ್ ಎಂಸಿಬಿಯಿಂದ (ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಬ್ರೇಕರ್) ನಾಲ್ಕು ಸ್ಕ್ವೇರ್ ಎಂಎಂ ತಾಮ್ರದ ಆರ್ಮರ್ಡ್ ಕೇಬಲ್ ಬಂದಿದೆ. ಒಳಗೆ ಬಂದ ಕೂಡಲೇ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಜೀವ ಕಾಯುವ ಸಾಮಾನು ಅಂದೆನಲ್ಲ, ಅದು ಇದೇ. ಅದರ ಕೆಳಗೆ ಸಣ್ಣ ಎಂಸಿಬಿಗಳು. ಪಂಪಿನ ಲೈನಿಗೆ ಟೈಮರ್, ಆ ಟೈಮರ್ ಹೇಳಿದಂತೆ ಪಂಪನ್ನು ಆನ್ ಆಫ್ ಮಾಡುವ ಕಾಂಟ್ಯಾಕ್ಟರ್, ಮೋಟಾರು ಜಾಸ್ತಿ ಕರೆಂಟು ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇ. ನೀರೊಳಗಿನ ಲೈಟಿಗೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್. ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರಕ್ಕೆ ಒಂದು ಲೈನ್. ಖಾಲಿ ಕಾಣುತ್ತಿದ್ದ ಬ್ರೇಕರ್ ಖಾಲಿ ಏನಲ್ಲ. ಅದು ಟೈಮರ್ ಮತ್ತು ಕಾಂಟ್ಯಾಕ್ಟರ್ ಕಾಯಿಲಿಗೆ ಹೋಗುವ ಕಂಟ್ರೋಲ್ ಲೈನ್. ವೈರು ಬಹಳ ಸಪೂರ ಇದ್ದದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಆ ಬ್ರೇಕರಿನಿಂದ ಇಂಡಕ್ಷನ್ ಒಲೆಗೆ ಲೈನ್ ಕೊಟ್ಟರೆ ಏನಾಗುತ್ತದೆ ಅಂತ ಯೋಚನೆ ಮಾಡಿ.

ಈಗ ಲೋಡು. ಪಂಪು 1 ಎಚ್‌ಪಿಯದ್ದು. 1 ಎಚ್‌ಪಿ ಅಂದರೆ 746 ವ್ಯಾಟ್, ಅದು ಮೋಟಾರು ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಅದಕ್ಕಿಂತ ಜಾಸ್ತಿ, ಸಿಂಗಲ್ ಫೇಸಿನಲ್ಲಿ 6 ಆಂಪಿಯರ್ ಹತ್ತಿರ. ಲೈಟು, ಕ್ಲೋರಿನ್ ಯಂತ್ರ ಎಲ್ಲ ಸೇರಿದರೂ 7 ಆಂಪಿಯರ್ ಆಸುಪಾಸು. 20 ಆಂಪಿಯರ್ ಲೈನಿಗೆ ಇದು ಆರಾಮು. ಅಕ್ಕ ಹೇಳಿದ ಪಟ್ಟಿ ಬೇರೆ ಇತ್ತು. ಬಿಸಿನೀರಿನ ಹೀಟರ್ ಇರುವ ವಾಷಿಂಗ್ ಮಿಷಿನ್ 2000 ವ್ಯಾಟ್, ಅಂದರೆ 9 ಆಂಪಿಯರ್. ಇಂಡಕ್ಷನ್ ಒಲೆ 2000 ವ್ಯಾಟ್, ಇನ್ನೊಂದು 9. ಮಿಕ್ಸರ್ 750 ವ್ಯಾಟ್, 3 ಚಿಲ್ಲರೆ. ಫ್ರಿಜ್ 1. ಇವೇ 22 ಆಂಪಿಯರ್ ಆದವು. ಪೂಲಿನ 7 ಸೇರಿಸಿದರೆ 29.

"20ರ ಬ್ರೇಕರ್ ಇದೆಯಲ್ಲ, ಜಾಸ್ತಿ ಆದರೆ ಬೀಳ್ತದೆ" ಅಂತ ಎಲ್ಲರೂ ನಂಬಿರುತ್ತಾರೆ. ಬೀಳುತ್ತದೆ, ಆದರೆ ಕೂಡಲೇ ಅಲ್ಲ. ಎಂಸಿಬಿಯ ಸ್ಟ್ಯಾಂಡರ್ಡ್ ಪ್ರಕಾರ ಅದರ ಮೇಲೆ ಬರೆದ ಆಂಪಿಯರ್‌ನ 1.45 ಪಟ್ಟು ಹರಿದರೆ ಒಂದು ಗಂಟೆಯ ಒಳಗೆ ಬಿದ್ದರೆ ಸಾಕು. 20ರ 1.45 ಪಟ್ಟು ಅಂದರೆ ಸರಿಯಾಗಿ 29. ಒಂದು ಲೋಡ್ ಬಟ್ಟೆ ಒಗೆದು, ಊಟಕ್ಕೆ ಅಡುಗೆಯೂ ಆಗುವಷ್ಟು ಹೊತ್ತು ಅದು ಸುಮ್ಮನೆ ಇರಬಹುದು. ಅಷ್ಟು ಹೊತ್ತೂ ಸಡಿಲ ಸ್ಕ್ರೂ, ತುಕ್ಕು ಹಿಡಿದ ಜಾಯಿಂಟು ಬಿಸಿಯಾಗುತ್ತಲೇ ಇರುತ್ತವೆ. ಆಮೇಲೆ ಬಿದ್ದಾಗ, "ಈ ಬ್ರೇಕರ್ ಸರಿ ಇಲ್ಲ" ಅಂತ ಅದನ್ನು ಕಿತ್ತು 32 ಹಾಕಿಸುತ್ತಾರೆ. ಕೇಬಲ್ ಅದೇ, ಜಾಯಿಂಟು ಅದೇ, ಕಾವಲು ಮಾತ್ರ ಸಡಿಲ.

ವೋಲ್ಟೇಜ್ ಕಥೆಯೂ ಇದೆ. ನಾಲ್ಕು ಸ್ಕ್ವೇರ್ ತಾಮ್ರದ ಕೇಬಲಿನಲ್ಲಿ 40 ಮೀಟರ್ ದೂರಕ್ಕೆ 7 ಆಂಪಿಯರ್ ಹರಿದರೆ 3 ವೋಲ್ಟ್ ಕಳೆಯುತ್ತದೆ. 29 ಹರಿದರೆ 13 ವೋಲ್ಟ್. ಸಂಜೆ ಹೊತ್ತು ನಮ್ಮ ಕರಾವಳಿ ಹಳ್ಳಿಗಳಲ್ಲಿ 230 ಪೂರ್ತಿ ಸಿಗುವುದೇ ಅಪರೂಪ. 205 ಇದ್ದ ಹೊತ್ತಿನಲ್ಲಿ ಪಂಪಿಗೆ ಸಿಗುವುದು 192. ಮೋಟಾರು ಕಷ್ಟಪಟ್ಟು ತಿರುಗಿ, ಜಾಸ್ತಿ ಕರೆಂಟು ಎಳೆದು, ಬಿಸಿಯಾಗುತ್ತದೆ. ಅದರ ಜೊತೆ ಫ್ರಿಜ್ಜಿನ ಕಂಪ್ರೆಸರ್ರೂ ಒದ್ದಾಡುತ್ತದೆ.

ಟೈಮರ್ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಕಾಂಟ್ಯಾಕ್ಟರ್ ದಾಟಿದ ಮೇಲಿನ ಲೈನಿಗೆ ಫ್ರಿಜ್ ಸೇರಿಸಿದರೆ, ಪಂಪು ನಿಂತಾಗ ಫ್ರಿಜ್ಜೂ ನಿಲ್ಲುತ್ತದೆ. ಮೀನು ಕೆಟ್ಟ ಮೇಲೇ ಗೊತ್ತಾಗುವುದು.

ಇಷ್ಟೇ ಆಗಿದ್ದರೆ ದಪ್ಪ ಕೇಬಲ್ ಹಾಕಿ ಸರಿ ಮಾಡಬಹುದಿತ್ತು. ನಿಜವಾದ ವಿಷಯ ಆರ್‌ಸಿಸಿಬಿ.

ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರಬೇಕು. ಸ್ವಲ್ಪ ಕಡಿಮೆ ಬಂದರೆ ಅದು ಬೇರೆ ದಾರಿಯಲ್ಲಿ ನೆಲಕ್ಕೆ ಹೋಗಿದೆ ಅಂತ ಅರ್ಥ. ಆ ದಾರಿ ಮನುಷ್ಯನ ಮೈಯೂ ಆಗಿರಬಹುದು. ಆರ್‌ಸಿಸಿಬಿ ನೋಡುವುದು ಈ ವ್ಯತ್ಯಾಸವನ್ನು ಮಾತ್ರ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ 0.3 ಸೆಕೆಂಡಿನ ಒಳಗೆ, ಅದರ ಐದು ಪಟ್ಟು ಬಂದರೆ 0.04 ಸೆಕೆಂಡಿನ ಒಳಗೆ ಲೈನ್ ಕಡಿಯಬೇಕು. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಅದಕ್ಕಿಂತ ಹೆಚ್ಚಿನ ಕರೆಂಟು ಸ್ವಲ್ಪ ಹೊತ್ತು ಹರಿದರೆ ಹೃದಯದ ಬಡಿತವೇ ಕೆಡುತ್ತದೆ. ಒದ್ದೆ ಮೈಗೆ ಕರೆಂಟು ಇನ್ನೂ ಸುಲಭವಾಗಿ ಹರಿಯುತ್ತದೆ. ಪೂಲಿನಲ್ಲಿ ಇರುವವರೆಲ್ಲ ಒದ್ದೆ ಮೈಯವರು, ಬರಿಗಾಲಿನವರು. ಹೆಚ್ಚಿನವರು ಮಕ್ಕಳು.

ಇನ್ನೊಂದು ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. 30 ಅಂತ ಬರೆದ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಸ್ಟ್ಯಾಂಡರ್ಡ್‌ನಲ್ಲೇ ಹಾಗೆ ಇದೆ. ವಾಷಿಂಗ್ ಮಿಷಿನ್‌ನಂಥ ಸಾಮಾನು ಚೆನ್ನಾಗಿದ್ದಾಗಲೂ ಚೂರು ಕರೆಂಟು ಅರ್ಥಿಗೆ ಸೋರುತ್ತಿರುತ್ತದೆ. 3.5 ಮಿಲಿಆಂಪಿಯರ್ ತನಕ ಸೋರಲು ಅವಕಾಶವಿದೆ. ಫ್ರಿಜ್ಜಿನದ್ದು ಸ್ವಲ್ಪ, ಇಂಡಕ್ಷನ್‌ನದ್ದು ಸ್ವಲ್ಪ, ಪಂಪು ಹಳತಾಗಿದ್ದರೆ ಅದರದ್ದೂ ಸ್ವಲ್ಪ. ಮಳೆಗಾಲದಲ್ಲಿ ತೇವಕ್ಕೆ ಎಲ್ಲದರ ಸೋರಿಕೆ ಏರುತ್ತದೆ. ಯಾವುದೂ ಕೆಟ್ಟಿರುವುದಿಲ್ಲ, ಆದರೂ ಒಟ್ಟು ಸೇರಿ 15 ಮುಟ್ಟುತ್ತದೆ. ರಾತ್ರಿ ಎರಡು ಗಂಟೆಗೆ ಟಕ್ ಅಂತ ಬೀಳುತ್ತದೆ. ಬೆಳಿಗ್ಗೆ ಫ್ರಿಜ್ಜಿನ ಹಾಲು ಒಡೆದಿರುತ್ತದೆ, ಬಂದವರಿಗೆ ತಿಂಡಿ ತಡವಾಗುತ್ತದೆ. ವಾರದಲ್ಲಿ ನಾಲ್ಕು ಸಲ ಹೀಗಾದರೆ ಯಾರಿಗೆ ತಾಳ್ಮೆ ಇರುತ್ತದೆ ಹೇಳಿ.

ಕಾರವಾರದ ಕಡೆ ಸಮುದ್ರದ ಹತ್ತಿರದ ಒಂದು ಜಾಗದಲ್ಲಿ ಇದರ ಮುಂದಿನ ಭಾಗ ನೋಡಿದ್ದೇನೆ. ಕರೆದದ್ದು ಗಾರ್ಡನ್ ಲೈಟ್ ರಿಪೇರಿಗೆ. ಪಂಪ್ ರೂಮಿನ ಪ್ಯಾನೆಲ್ ಬಾಗಿಲು ತೆರೆದೆ. ಆರ್‌ಸಿಸಿಬಿ ತನ್ನ ಜಾಗದಲ್ಲೇ ಇತ್ತು, ಹಿಡಿ ಮೇಲಕ್ಕೆ, ನೋಡಿದರೆ ಎಲ್ಲ ಸರಿ. ಹತ್ತಿರ ಬಗ್ಗಿದಾಗ ಕಂಡಿತು: ಮೇಲಿನ ಸ್ಕ್ರೂನಿಂದ ಕೆಳಗಿನ ಸ್ಕ್ರೂಗೆ ಎರಡು ತುಂಡು ವೈರು, ಒಂದು ಕೆಂಪು, ಒಂದು ಕಪ್ಪು, ಗೇಣುದ್ದ ಇರಲಿಕ್ಕಿಲ್ಲ. ಕರೆಂಟು ಆರ್‌ಸಿಸಿಬಿಯನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತಿತ್ತು. ಕೆಳಗಿನ ಸಾಲಿನಿಂದ ಒಂದು ಲೈನ್ ಗೋಡೆ ತೂತಿನಲ್ಲಿ ಹಿಂದಿನ ಅಡುಗೆ ಶೆಡ್ಡಿಗೆ ಹೋಗಿತ್ತು. ಅಲ್ಲಿ ಡೀಪ್ ಫ್ರೀಜರ್. ಹೊರಗೆ ಪೂಲಿನಲ್ಲಿ ನಾಲ್ಕೈದು ಮಕ್ಕಳು ಸ್ಟೀಲ್ ಏಣಿ ಹಿಡಿದು ಹತ್ತಿ ಹಾರುತ್ತಿದ್ದರು. ನಾನು ಮೇನ್ ಆಫ್ ಮಾಡಿಯೇ ಹೊರಗೆ ಬಂದೆ. ಆ ಮಕ್ಕಳನ್ನು ಮೇಲೆ ಕರೆಸುವ ತನಕ ನನ್ನ ಕೈ ನಡುಗುತ್ತಿತ್ತು. ಅಲ್ಲಿನ ಮ್ಯಾನೇಜರಿಗೆ ಸಿಟ್ಟು ಬಂತು. ಬರಲಿ. ಆ ತುಂಡು ವೈರು ಬಿಚ್ಚಿ, ಫ್ರೀಜರಿನ ಲೈನ್ ಕಡಿದ ಮೇಲೆಯೇ ಪ್ಯಾನೆಲ್ ಆನ್ ಮಾಡಿದ್ದು.

ಆ ಎರಡು ತುಂಡು ಹಾಕಿದವನು ಕೆಟ್ಟವನಲ್ಲ. ಫ್ರೀಜರಿನ ಮೀನು ಉಳಿಸಲು ಹಾಕಿದ್ದಾನೆ. ಫ್ರೀಜರ್ ಆ ಪ್ಯಾನೆಲ್‌ಗೆ ಬರದೇ ಇದ್ದಿದ್ದರೆ ಅವನಿಗೆ ಆ ಕೆಲಸವೇ ಬರುತ್ತಿರಲಿಲ್ಲ.

ಆರ್‌ಸಿಸಿಬಿ ಇಲ್ಲದಿದ್ದರೆ ಎಂಸಿಬಿ ಕಾಯುವುದಿಲ್ಲವಾ? ಅರ್ಥಿಂಗ್ ಇದೆಯಲ್ಲ? ಈ ಮಾತೂ ಕೇಳುತ್ತೇನೆ. ಲೆಕ್ಕ ಮಾಡಿ ನೋಡಿ. ನಿಮ್ಮ ಮನೆಯ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 5 ಓಮ್, ಟ್ರಾನ್ಸ್‌ಫಾರ್ಮರ್ ಹತ್ತಿರದ್ದು 5 ಓಮ್ ಅಂತ ಇಟ್ಟುಕೊಳ್ಳಿ. ಫ್ರಿಜ್ಜಿನ ಒಳಗೆ ಫೇಸ್ ವೈರು ಬಾಡಿಗೆ ತಾಗಿತು. 230 ವೋಲ್ಟಿಗೆ 10 ಓಮ್, ಹರಿಯುವುದು 23 ಆಂಪಿಯರ್. 20ರ ಎಂಸಿಬಿಗೆ 23 ಏನೇನೂ ಅಲ್ಲ, ಬಹಳ ಹೊತ್ತು ಅದು ಬೀಳುವುದಿಲ್ಲ. ಅದೇ ಹೊತ್ತಿನಲ್ಲಿ ನಿಮ್ಮ ಅರ್ಥ್ ವೈರಿನ ಮೇಲೆ 115 ವೋಲ್ಟ್ ಏರಿ ಕೂತಿರುತ್ತದೆ. ಆ ಅರ್ಥ್ ವೈರಿಗೆ ಯಾವ್ಯಾವುದು ಸೇರಿದೆ? ಪಂಪಿನ ಬಾಡಿ. ಪೂಲಿನ ಸ್ಟೀಲ್ ಏಣಿ. ಹಿಡಿಕಂಬಿ. ಕಾಂಕ್ರೀಟಿನ ಒಳಗಿನ ಕಬ್ಬಿಣ. ಇವೆಲ್ಲ ಒಟ್ಟಿಗೆ ಸೇರಿರಬೇಕು, ನಿಯಮವೇ ಹಾಗೆ. ಪೂಲಿನ ಸುತ್ತ ಎಲ್ಲ ಒಂದೇ ವೋಲ್ಟೇಜಿನಲ್ಲಿದ್ದರೆ ಒಳಗಿದ್ದವರಿಗೆ ಶಾಕ್ ಬರುವುದಿಲ್ಲ. ಆದರೆ ಒಂದು ಕಾಲು ಹೊರಗಿನ ಒದ್ದೆ ಮಣ್ಣಿನಲ್ಲಿ, ಒಂದು ಕೈ ಹಿಡಿಕಂಬಿಯ ಮೇಲೆ ಇಟ್ಟವನಿಗೆ? ಶೆಡ್ಡಿನ ಫ್ರಿಜ್ಜಿನಲ್ಲಿ ಆದ ದೋಷ ಪೂಲಿನ ಏಣಿಯ ತನಕ ನಡೆದು ಬರುತ್ತದೆ.

ನಮ್ಮ ನೆಲದ ಗುಣವೂ ಸೇರಿಸಿಕೊಳ್ಳಿ. ಚಿರೇಕಲ್ಲಿನ ನೆಲದಲ್ಲಿ, ಕಡಲ ಬದಿಯ ಒಣ ಮರಳಿನಲ್ಲಿ ಒಳ್ಳೆಯ ಅರ್ಥ್ ಸಿಗುವುದು ಕಷ್ಟ. ಏಪ್ರಿಲ್, ಮೇ ಬಂತು ಅಂದರೆ ಗುಂಡಿ ಒಣಗಿ ಹೋಗಿರುತ್ತದೆ. ಹೋಂಸ್ಟೇಗಳು ತುಂಬಿರುವುದು, ಪೂಲಿಗೆ ಮಕ್ಕಳು ಇಳಿಯುವುದು ಕೂಡ ಅದೇ ತಿಂಗಳುಗಳಲ್ಲಿ. ಗುಂಡಿಗೆ ಆಗಾಗ ನೀರು ಹೊಯ್ಯಿ ಅಂತ ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ.

ಪಂಪ್ ರೂಮ್ ಎನ್ನುವ ಜಾಗವನ್ನೇ ಒಮ್ಮೆ ಸರಿಯಾಗಿ ನೋಡಿ. ಕ್ಲೋರಿನ್ ಪುಡಿಯ ಡ್ರಮ್ಮು, ಆಸಿಡ್ ಕ್ಯಾನು ಅಲ್ಲೇ ಇಟ್ಟಿರುತ್ತಾರೆ. ಬಾಗಿಲು ತೆರೆದ ಕೂಡಲೇ ಮೂಗು ಉರಿಯುತ್ತದೆ. ಆ ಹೊಗೆ, ಜೊತೆಗೆ ಸಮುದ್ರದ ಉಪ್ಪು ಗಾಳಿ. ಅಕ್ಕನ ಮನೆಯ ಪ್ಯಾನೆಲ್ ಹಾಕಿ ಬಹಳ ವರ್ಷ ಆಗಿರಲಿಲ್ಲ, ಆದರೂ ಬಾಗಿಲಿನ ಕೀಲು ತುಕ್ಕಿಗೆ ಪುಡಿಯಾಗಿತ್ತು. ವೈರಿನ ತುದಿಗೆ ಹಾಕುವ ತಾಮ್ರದ ಲಗ್ಗುಗಳ ಮೇಲೆ ಹಸಿರು ಕಿಲುಬು. ನ್ಯೂಟ್ರಲ್ ಪಟ್ಟಿಯ ಒಂದು ಸ್ಕ್ರೂ ಸಡಿಲ, ಅದರ ವೈರಿನ ಕಪ್ಪು ಹೊದಿಕೆ ಸುಟ್ಟು ಕಂದಾಗಿ ಬಿರುಕು ಬಿಟ್ಟಿತ್ತು. ಕಾಂಟ್ಯಾಕ್ಟರಿನ ಒಳಗೆ ಇರುವೆಗಳ ರಾಶಿ, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ. 7 ಆಂಪಿಯರಿಗೇ ಆ ಸ್ಕ್ರೂ ಹೀಗಾಗಿದೆ, 29ಕ್ಕೆ ಏನಾಗಬಹುದು ಅಂತ ಅಕ್ಕನಿಗೆ ಕೇಳಿದೆ. ಅವರು ಆ ವೈರನ್ನು ಬಹಳ ಹೊತ್ತು ನೋಡಿದರು. "ಅಗೆಸುವಾ ಹಾಗಾದ್ರೆ" ಅಂದರು.

ಅವರನ್ನು ಪೂರ್ತಿ ಒಪ್ಪಿಸಿದ್ದು ಮಾತ್ರ ಮಳೆಯ ವಿಷಯ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಪೂಲಿಗೆ ಯಾರೂ ಇಳಿಯುವುದಿಲ್ಲ. ಪಂಪ್ ರೂಮ್ ಸಾಮಾನ್ಯವಾಗಿ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಸಿ ಕಟ್ಟಿರುತ್ತಾರೆ, ಪಂಪಿಗೆ ನೀರು ತಾನಾಗಿ ಇಳಿದು ಬರಲಿ ಅಂತ. ಜೋರು ಮಳೆಗೆ ಅಲ್ಲಿ ಒರತೆ ಎದ್ದು ಮೊಣಕಾಲು ಮಟ್ಟ ನೀರು ನಿಲ್ಲುವುದು ಹೊಸದಲ್ಲ. ಪೂಲ್ ಬಂದ್ ಮಾಡಿದ ದಿನ ಆ ಪ್ಯಾನೆಲ್‌ಗೆ ಬರುವ ಕರೆಂಟನ್ನೇ ಮೇನ್ ಬೋರ್ಡಿನಲ್ಲಿ ಕಡಿದುಬಿಡಬೇಕು. ಫ್ರಿಜ್ ಅದರ ಮೇಲಿದ್ದರೆ ಕಡಿಯಲು ಆಗುತ್ತದಾ? ಒಂದು ಫ್ರಿಜ್ಜಿನ ಸಲುವಾಗಿ ನೀರು ನಿಂತ ಕೋಣೆಯಲ್ಲಿ ನಾಲ್ಕು ತಿಂಗಳು ಕರೆಂಟು ಇಟ್ಟುಕೊಂಡು ಕೂರಬೇಕು.

ಹಾಗಂತ ಪೂಲ್ ಪ್ಯಾನೆಲ್‌ನಿಂದ ಏನನ್ನೂ ಕೊಡಬಾರದು ಅಂತಲ್ಲ. ಪಂಪ್ ರೂಮಿಗೆ ಒಂದು ಲೈಟು, ರಿಪೇರಿ ಮಾಡುವವರಿಗೆ ಒಂದು ಸಾಕೆಟ್ಟು, ನೀರು ಹೊರಹಾಕುವ ಸಣ್ಣ ಪಂಪು, ಇವು ಅಲ್ಲಿಯದ್ದೇ ಸಾಮಾನು, ಇರಲಿ. ದೊಡ್ಡ ರೆಸಾರ್ಟುಗಳಲ್ಲಿ ಪಂಪ್ ರೂಮಿಗೆ ಮೂರು ಫೇಸಿನ ದಪ್ಪ ಕೇಬಲ್ ಬಂದು, ಮೊದಲು ಒಂದು ವಿತರಣೆ ಬೋರ್ಡ್ (ಡಿಬಿ), ಅಲ್ಲಿಂದ ಪೂಲ್ ಪ್ಯಾನೆಲ್ ಬೇರೆ, ಉಳಿದದ್ದು ಬೇರೆ ಅಂತ ಮಾಡಿರುತ್ತಾರೆ. ಆ ಬೋರ್ಡಿನಿಂದ ತೆಗೆದುಕೊಳ್ಳಬಹುದು. ಆದರೆ ಪೂಲಿನ ಆರ್‌ಸಿಸಿಬಿ ಮತ್ತು ಕಾಂಟ್ಯಾಕ್ಟರಿಗೆ ಮೊದಲೇ ಲೈನ್ ಬೇರೆಯಾಗಬೇಕು. ಅದಕ್ಕೆ ತನ್ನದೇ ಎಂಸಿಬಿ, ತನ್ನದೇ ಆರ್‌ಸಿಸಿಬಿ, ತನ್ನದೇ ನ್ಯೂಟ್ರಲ್ ಬೇಕು. ನ್ಯೂಟ್ರಲ್ ಪೂಲಿನ ಪಟ್ಟಿಯಿಂದ ಎರವಲು ತಂದರೆ ಎರಡೂ ಕಡೆಯ ಆರ್‌ಸಿಸಿಬಿ ಲೆಕ್ಕ ತಪ್ಪಿ ಬೀಳುತ್ತಲೇ ಇರುತ್ತವೆ, ಮತ್ತೆ ಅದೇ ತುಂಡು ವೈರಿನ ಕಥೆ. ಬರುವ ಕೇಬಲ್ ಪೂರ್ತಿ ಲೋಡ್ ತಡೆಯುತ್ತದಾ ಅಂತ ಲೆಕ್ಕ ಹಾಕಿ, ಬರೆದು ಕೊಡುವವರಿಂದಲೇ ಮಾಡಿಸಿ.

ಜಾಗವೂ ಮುಖ್ಯ. ಈಜುಕೊಳದ ವೈರಿಂಗಿಗೆ ಅಂತರರಾಷ್ಟ್ರೀಯ ವೈರಿಂಗ್ ಸ್ಟ್ಯಾಂಡರ್ಡ್ ಐಇಸಿ 60364ರಲ್ಲಿ ಬೇರೆ ಭಾಗವೇ ಇದೆ, ನಂಬರು 702. ನೀರೊಳಗೆ 12 ವೋಲ್ಟ್ ಎಸಿಗಿಂತ ಜಾಸ್ತಿ ಬೇಡ. ಅಂಚಿನಿಂದ 2 ಮೀಟರ್ ತನಕ ಒಂದು ವಲಯ, ಅಲ್ಲಿಂದ ಮತ್ತೆ ಒಂದೂವರೆ ಮೀಟರ್ ಇನ್ನೊಂದು. ಈ ಎರಡನೆಯದರಲ್ಲಿ ಸಾಕೆಟ್ ಹಾಕುವುದಾದರೆ 30 ಮಿಲಿಆಂಪಿಯರ್ ರಕ್ಷಣೆ ಬೇಕೇ ಬೇಕು, ಇಲ್ಲವೇ ಅದನ್ನು ಬೇರೆ ಟ್ರಾನ್ಸ್‌ಫಾರ್ಮರ್‌ನಿಂದ ಕೊಡಬೇಕು. ಫ್ರಿಜ್ಜು, ವಾಷಿಂಗ್ ಮಿಷಿನ್ ಮೂರೂವರೆ ಮೀಟರಿನ ಆಚೆಗೇ ಇರಲಿ. ಒದ್ದೆ ಮೈಯಲ್ಲಿ ಪೂಲಿನಿಂದ ಎದ್ದು ಬಂದು ಫ್ರಿಜ್ ಬಾಗಿಲು ಎಳೆಯುವ ಮಕ್ಕಳನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ.

ಬೆಂಗಳೂರಿನಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಅಮೆರಿಕದ ವಿಡಿಯೋ ಕಳಿಸುತ್ತಾರೆ, "ಇವರು ಪೂಲ್ ಪ್ಯಾನೆಲ್‌ನಿಂದಲೇ ಕೊಟ್ಟಿದ್ದಾರೆ ನೋಡಿ" ಅಂತ. ಅಲ್ಲಿಯದ್ದು ಬೇರೆ ವ್ಯವಸ್ಥೆ. ಮನೆಗೆ 120 ಮತ್ತು 240 ವೋಲ್ಟ್ ಎರಡೂ ಬರುತ್ತದೆ. ಜನರ ರಕ್ಷಣೆಗೆ ಅಲ್ಲಿ ಹಾಕುವ ಸಾಧನ 4ರಿಂದ 6 ಮಿಲಿಆಂಪಿಯರಿಗೇ ಬೀಳುತ್ತದೆ, ಅದೂ ಒಂದೊಂದು ಲೈನಿಗೆ ಒಂದೊಂದು. ಅಲ್ಲಿನ ಪ್ಯಾನೆಲ್ ಹೆಚ್ಚಾಗಿ ನಮ್ಮ ಮನೆಯ ಡಿಬಿಯಂಥ ಬೋರ್ಡು. ನಮ್ಮಲ್ಲಿ ಪೂಲಿನವರು ಕೊಡುವುದು ಪಂಪಿನ ಸ್ಟಾರ್ಟರ್ ಪೆಟ್ಟಿಗೆ. ಬಾಗಿಲು ಮುಚ್ಚಿದಾಗ ಎರಡೂ ಒಂದೇ ತರ ಕಾಣುತ್ತವೆ ಅಷ್ಟೇ.

ಮೀಟರಿನ ಮಾತನ್ನೂ ಸೇರಿಸಬೇಕು. ಕೆಲವರ ಪೂಲಿಗೆ ಬೇರೆ ಮೀಟರ್ ಇರುತ್ತದೆ, ಮನೆಗೆ ಬೇರೆ. ಒಂದು ಕೆಲಸಕ್ಕೆ ಮಂಜೂರಾದ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ಅದು ಅನಧಿಕೃತ ಬಳಕೆ, ದರದ ಎರಡು ಪಟ್ಟು ಕಟ್ಟಬೇಕಾಗುತ್ತದೆ. ತೋಟದ ಪಂಪ್‌ಸೆಟ್ಟಿನಿಂದ ಮನೆಗೆ ಲೈನ್ ಎಳೆಯುವುದೂ ಇದೇ ಸಾಲಿನದ್ದು. ಶಿರಸಿ ಕಡೆಯ ತೋಟದವರಿಗೆ ಇದು ಹೊಸ ಮಾತಲ್ಲ. ಲೋಡ್ ಜಾಸ್ತಿ ಬೇಕಾದರೆ ಹೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚು ಮಾಡಿಸಿಕೊಳ್ಳಿ.

ಅಕ್ಕನ ಮನೆಯಲ್ಲಿ ಕೊನೆಗೆ ಮಾಡಿದ್ದು ಹೀಗೆ. ಮೇನ್ ಬೋರ್ಡಿನಲ್ಲಿ ಹೊಸದೊಂದು 32 ಆಂಪಿಯರ್ ಎಂಸಿಬಿ. ಅಲ್ಲಿಂದ ಶೆಡ್ಡಿಗೆ ಆರು ಸ್ಕ್ವೇರ್ ಮೂರು ಕೋರಿನ ಆರ್ಮರ್ಡ್ ಕೇಬಲ್, ಮುಕ್ಕಾಲು ಮೀಟರ್ ಆಳದಲ್ಲಿ. ಕೆಳಗೆ ಮರಳು, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಮುಂದೆ ಯಾರಾದರೂ ತೆಂಗಿನ ಬುಡ ಬಿಡಿಸುವಾಗ ಹಾರೆ ಮೊದಲು ಇಟ್ಟಿಗೆಗೆ ತಾಗಲಿ ಅಂತ. ಚಿರೇಕಲ್ಲು ಒಡೆಯುವ ಹುಡುಗರು ಬೆವರು ಸುರಿಸಿದರು. ಶೆಡ್ಡಿನಲ್ಲಿ ಸಣ್ಣ ಡಿಬಿ. ಫ್ರಿಜ್ಜಿಗೆ ಮಾತ್ರ ಬೇರೆ ಆರ್‌ಸಿಬಿಒ, ಅಂದರೆ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡರ ಕೆಲಸ ಒಂದರಲ್ಲೇ ಆಗುವುದು. ವಾಷಿಂಗ್ ಮಿಷಿನ್ ಸೋರಿದರೂ ಫ್ರಿಜ್ ನಿಲ್ಲಬಾರದು ಅಂತ ಹಾಗೆ ಮಾಡಿದ್ದು. ಉಳಿದದ್ದಕ್ಕೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಎ ಟೈಪಿನದ್ದು. ಇನ್ವರ್ಟರ್ ಮೋಟಾರ್ ಇರುವ ಸಾಮಾನಿನ ಸೋರಿಕೆ ಎಸಿ ಟೈಪಿನ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ, ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ. ಮನೆ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಮೀರಬಾರದು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳಲ್ಲೂ ಇದೆ. ಪೂಲ್ ಪ್ಯಾನೆಲ್‌ನ ಕಿಲುಬು ಹಿಡಿದ ಲಗ್ಗು ಬದಲಿಸಿ, ಕ್ಲೋರಿನ್ ಡ್ರಮ್ಮನ್ನು ಬೇರೆ ಕೋಣೆಗೆ ಸಾಗಿಸಿದೆವು.

ನಿಮ್ಮಲ್ಲಿ ಈಗಾಗಲೇ ಪೂಲ್ ಪ್ಯಾನೆಲ್‌ನಿಂದ ಲೈನ್ ಎಳೆದಾಗಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಪೂಲಿನಲ್ಲಿ ಯಾರೂ ಇಲ್ಲದಾಗ, ಕೈ ಒಣಗಿಸಿಕೊಂಡು, ಕಾಲಿಗೆ ಚಪ್ಪಲಿ ಹಾಕಿಕೊಂಡು, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಅದು ಬೀಳಬೇಕು, ಬಿದ್ದ ಮೇಲೆ ಪಂಪು, ಲೈಟು, ಫ್ರಿಜ್ಜು ಎಲ್ಲ ನಿಲ್ಲಬೇಕು. ಗುಂಡಿ ಒತ್ತಿದರೂ ಬೀಳದಿದ್ದರೆ, ಅಥವಾ ಬಿದ್ದ ಮೇಲೂ ಏನಾದರೂ ಓಡುತ್ತಲೇ ಇದ್ದರೆ ಮೇನ್ ಬೋರ್ಡಿನಲ್ಲಿ ಆ ಲೈನ್ ಕಡಿದು, ಪೂಲಿಗೆ ಯಾರನ್ನೂ ಬಿಡಬೇಡಿ. ಪ್ಯಾನೆಲ್ ಒಳಗೆ ನೀವೇ ಕೈ ಹಾಕಬೇಡಿ. ಪರ್ಮಿಟ್ ಇರುವ ವೈರ್‌ಮನ್ ಕರೆಸಿ, ಪರ್ಮಿಟ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಗುಂಡಿ ಒತ್ತಿದಾಗ ಬಿತ್ತು ಅಂದರೆ ಆರ್‌ಸಿಸಿಬಿ ಸರಿ ಇದೆ ಅಂತ ಮಾತ್ರ ಗೊತ್ತಾಗುತ್ತದೆ, ಅರ್ಥ್ ಸರಿ ಇದೆ ಅಂತಲ್ಲ. ಅರ್ಥ್ ಗುಂಡಿಯನ್ನು ಮೀಟರ್ ಇಟ್ಟೇ ಅಳೆಯಬೇಕು, ಅದೂ ಮೇ ತಿಂಗಳ ಒಣ ನೆಲದಲ್ಲಿ ಅಳೆದರೆ ನಿಜ ಸ್ಥಿತಿ ತಿಳಿಯುತ್ತದೆ.

ಮಳೆ ಮುಗಿದು ಪೂಲ್ ಮತ್ತೆ ತೆರೆಯುವಾಗ ನೇರ ಸ್ವಿಚ್ ಹಾಕಬೇಡಿ. ಪಂಪ್ ರೂಮ್ ಪೂರ್ತಿ ಒಣಗಲಿ. ವೈರ್‌ಮನ್ ಬಂದು ಸ್ಕ್ರೂಗಳನ್ನೆಲ್ಲ ಬಿಗಿ ಮಾಡಲಿ, ಪಂಪಿನ ವೈರು ಬಿಡಿಸಿ 500 ವೋಲ್ಟ್ ಮೆಗ್ಗರ್ (ಮೋಟಾರಿನ ಒಳಗೆ ಕರೆಂಟು ಸೋರುವಂತಿದೆಯಾ ಅಂತ ಅಳೆಯುವ ಮೀಟರ್) ಹಾಕಿ ನೋಡಲಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಮೋಟಾರು ಬಿಚ್ಚಿ ಒಣಗಿಸಲು ಕಳಿಸಿ, ಸರಿಯಾಗಿ ಬಂದ ಮೇಲೆ ನೀರು ತುಂಬಿಸಿ.